ಮೇಲಿನ ಸಾಲು ಬರೆದವರು ಯಾರು?

ಆದೋನಿ
ಶುಕ್ರವಾರ, ೬ ಡಿಸೆಂಬರ್ ೨೦೨೪

ಪ್ರೀತಿಯ ವಾದೀಂದ್ರ,

ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ಹುಬ್ಬಳ್ಳಿಯ ಚಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಯಿತೋ ಹೇಗೆ? ಅಮ್ಮ ಕುಟ್ಟಿ ಕಳಿಸಿದ ಕಷಾಯದ ಪುಡಿ ಡಬ್ಬಿ ಬಿಟ್ಟು ಹೊರಗೆ ಬಂದಿರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಇಲ್ಲಿ ಅಮ್ಮನ ಮೊಣಕಾಲು ಮೊದಲಿನ ಹಾಗೇ ಇದೆ, ಬಾಯಿಯೂ ಮೊದಲಿನ ಹಾಗೇ ಇದೆ. ಅಕ್ಕ ಫೋನ್ ಬಿಟ್ಟು ಕಾಗದ ಯಾಕೆ ಹಿಡಿದಳು ಎಂದು ಹುಬ್ಬೇರಿಸಬೇಡ. ಫೋನ್ ಮಾಡಿದರೆ ನೀನು ಹೂಂ ಹೂಂ ಅನ್ನುತ್ತಲೇ ಆ ಕಡೆ ಟಕಟಕ ಟೈಪ್ ಮಾಡುವುದು ಕೇಳಿಸುತ್ತದೆ. ಮೆಸೇಜ್ ಕಳಿಸಿದರೆ ಮೊದಲ ಸಾಲು ನೋಡಿ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕೈ ತೊಳೆದುಕೊಳ್ಳುತ್ತೀ. ಇದನ್ನಾದರೂ ಕೊನೆಯವರೆಗೆ ಓದು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಅವತ್ತು ನಾನು ಅಷ್ಟು ಖುಷಿಯಿಂದ ಹೇಳಿದಾಗ ನೀನು ಅರ್ಧವೇ ಕೇಳಿಸಿಕೊಂಡೆ ಎಂದು ಈಗ ಅನ್ನಿಸುತ್ತಿದೆ. ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ಗಾದಿಲಿಂಗಮ್ಮ ಬೆಳಿಗ್ಗೆ ಅಕ್ಕಿ ಹಸನು ಮಾಡುತ್ತಿದ್ದಾಗ ಮೊರದಲ್ಲಿ ಒಂದು ಬಂಗಾರದ ಬೆಂಡೋಲೆ ಸಿಕ್ಕಿತು. ಮೊರದಲ್ಲಿ ಕಣೋ! ಅಕ್ಕಿ ಇನ್ನೂ ಒಲೆಯ ಮುಖ ಕಂಡಿರಲಿಲ್ಲ. ಅದು ಮೂರನೇ ತರಗತಿಯ ಅಮೂಲ್ಯಳದು. ಎರಡು ದಿನದ ಹಿಂದೆ ಅಕ್ಕಿ ಚೀಲದ ಹತ್ತಿರ ಆಡುವಾಗ ಬಿದ್ದಿತ್ತು. ಹೊಡೆತ ಬೀಳುತ್ತದೆಂದು ಮಗು ಮನೆಯಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಶೀತವಾಗಿದೆ ಎಂದು ಸುಳ್ಳು ಹೇಳಿ ದಿನ ದೂಡುತ್ತಿತ್ತು. ಗಾದಿಲಿಂಗಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅವರ ಮನೆಗೆ ಹೋದಳು. ಬಾಗಿಲಲ್ಲೇ ನಿಂತು ತಾಯಿಗೆ, "ಹುಡುಗೀನ ಹೊಡೆಯಂಗಿಲ್ಲ ಅಂತ ಮೊದಲು ಮಾತು ಕೊಡು, ಆಮ್ಯಾಲ ಕೊಡ್ತೀನಿ" ಅಂದಳಂತೆ. ಮಾತು ತೆಗೆದುಕೊಂಡೇ ಗಂಟು ಬಿಚ್ಚಿದಳು. ಇಂಥ ಹೆಂಗಸಿನ ವಿಷಯ ನಾಲ್ಕು ಜನ ಓದಲಿ ಎಂದು ನಾನೇ ಆಕೆಯ ಫೋಟೋ ತೆಗೆದು, ನಿನ್ನ ಸುದ್ದಿ ವೆಬ್‌ಸೈಟಿನಲ್ಲಿ ಹಾಕು ಎಂದು ನಿನಗೆ ಕಳಿಸಿದೆ. ನನ್ನ ಬುದ್ಧಿಗೆ ಏನು ಬಡಿದಿತ್ತೋ.

ನೀನು ಹಾಕಿದ ತಲೆಬರಹ ಇದು: "ಶಾಲೆಯ ಊಟದಲ್ಲಿ ಸಿಕ್ಕಿದ್ದೇನು? ಹೆತ್ತವರು ಶಾಕ್!" ಅದರ ಕೆಳಗೆ ನನ್ನ ಗಾದಿಲಿಂಗಮ್ಮ ಹಸಿರು ಸೀರೆ ಉಟ್ಟು, ಸೌಟು ಹಿಡಿದು, ಪಾಪ, ನಗುತ್ತಿದ್ದಾಳೆ. ಶಾಲೆಯ ಹೆಸರು ಹಾಕಿಲ್ಲವಲ್ಲ ಅಕ್ಕಾ ಎಂದೆ. ಮುಖ ಇದ್ದ ಮೇಲೆ ಹೆಸರು ಯಾಕೆ ಬೇಕು? ಮಧ್ಯಾಹ್ನದೊಳಗೆ ಅದು ನಮ್ಮೂರಿನ ಎಲ್ಲ ಗ್ರೂಪುಗಳಿಗೂ ಬಂತು. ಒತ್ತಿ ಒಳಗೆ ಹೋಗಿ ಓದಿದವರು ಯಾರೂ ಇಲ್ಲ. ಇಲ್ಲಿ ಮುಕ್ಕಾಲು ಜನಕ್ಕೆ ಓದಲು ತೆಲುಗೇ ಸಲೀಸು. ಕನ್ನಡದಲ್ಲಿ ದಪ್ಪಕ್ಷರದ ಒಂದು ಸಾಲು ಕೂಡಿಸಿ ಓದಿದರೆ ಅದೇ ಹೆಚ್ಚು. ಸಂಜೆಗೆ ಒಬ್ಬರ ಬಾಯಲ್ಲಿ ಹಲ್ಲಿ, ಇನ್ನೊಬ್ಬರ ಬಾಯಲ್ಲಿ ಇಲಿ, ಮೂರನೆಯವರ ಬಾಯಲ್ಲಿ ಹೇಳಬಾರದ ಏನೇನೋ. ಮರುದಿನ ಅರವತ್ತನಾಲ್ಕು ಮಕ್ಕಳಲ್ಲಿ ತಟ್ಟೆ ಹಿಡಿದು ಕೂತದ್ದು ಹನ್ನೊಂದು. ಗಾದಿಲಿಂಗಮ್ಮ ತುಂಬಿದ ಪಾತ್ರೆಯ ಮುಂದೆ ನಿಂತು, "ಯಾಕವ್ವಾ, ಇವತ್ತು ಎಲ್ಲಾರಿಗೂ ಜ್ವರಾ ಏನು?" ಎಂದು ನನ್ನನ್ನು ಕೇಳಿದಳು. ಆಕೆಗೆ ಓದಲು ಬರುವುದಿಲ್ಲ. ಯಾರೂ ಹೇಳಿಯೂ ಇರಲಿಲ್ಲ.

ಅದರ ಮರುದಿನ ಮಾರೆಣ್ಣ ಹತ್ತು ಹದಿನೈದು ಜನರನ್ನು ಕಟ್ಟಿಕೊಂಡು ಬಂದ. ಅವನ ಇಬ್ಬರು ಮಕ್ಕಳು ನಮ್ಮಲ್ಲೇ ಓದುತ್ತಾರೆ. ಕೆಟ್ಟ ಮನುಷ್ಯನಲ್ಲ, ಹೆದರಿದ್ದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅಮೂಲ್ಯಳ ತಾಯಿ ಮಗಳ ಕಿವಿ ಹಿಡಿದು ಬೆಂಡೋಲೆ ತೋರಿಸಿದಳು. ಎಲ್ಲ ಕೇಳಿ ಮಾರೆಣ್ಣ ಒಂದೇ ಮಾತು ಕೇಳಿದ: "ಸರೇ ಟೀಚರಮ್ಮಾ, ಆ ಊಟ ಅಷ್ಟು ಚಲೋ ಐತಿ ಅಂತೀರಿ. ನೀವು ಎಂದರ ಉಂಡೀರೇನ್ರಿ?" ವಾದೀ, ಹನ್ನೊಂದು ವರ್ಷದಿಂದ ನಾನು ಮನೆಯ ಡಬ್ಬಿ ಒಯ್ದು ಸ್ಟಾಫ್ ರೂಮಿನಲ್ಲಿ ಉಣ್ಣುತ್ತೇನೆ. ಉಳ್ಳಾಗಡ್ಡಿ ಹಾಕುತ್ತಾರೆ, ನಮಗೆ ನಡೆಯುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದೆ. ಉಳ್ಳಾಗಡ್ಡಿ ಹಾಕದ ಪುಳಿಹೋರದ ದಿನವೂ ನಾನು ಉಂಡಿರಲಿಲ್ಲ ಎಂಬುದು ಆ ಅಂಗಳದಲ್ಲಿ ಇದ್ದ ಎಲ್ಲರಿಗೂ ಗೊತ್ತಿತ್ತು. ಗಾದಿಲಿಂಗಮ್ಮಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆಕೆ ನೆಲ ನೋಡುತ್ತ ನಿಂತಿದ್ದಳು. ನಾನು ಹೋಗಿ ತಟ್ಟೆ ತಂದು, ಮಕ್ಕಳ ಸಾಲಿನಲ್ಲಿ ಕೂತು, ಬಡಿಸು ಅಂದೆ. ಸಾರಿನಲ್ಲಿ ಉಳ್ಳಾಗಡ್ಡಿ ಇತ್ತು. ಉಂಡೆ, ಇನ್ನೊಮ್ಮೆ ಹಾಕಿಸಿಕೊಂಡೆ. ಮಾರೆಣ್ಣ ತನ್ನ ಇಬ್ಬರನ್ನೂ ನನ್ನ ಪಕ್ಕದಲ್ಲಿ ಕೂರಿಸಿ ಹೋದ. ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಎರಡು ದಿನ ಮಾತು ಬಿಟ್ಟಿದ್ದರು, ಈಗ ಬೈಯುವಷ್ಟು ಸುಧಾರಿಸಿದ್ದಾರೆ.

ಇಷ್ಟೆಲ್ಲ ಹೇಳಿ, ಆ ತಲೆಬರಹ ಬದಲಿಸೋ ಮಾರಾಯಾ ಎಂದು ಫೋನಿನಲ್ಲಿ ಬೇಡಿಕೊಂಡೆನಲ್ಲ, ನೀನು ಹೂಂ ಅಂದೆ, ಬದಲಿಸಿಯೂ ಬದಲಿಸಿದೆ. ಏನೆಂದು? "ಊಟದ ಪ್ರಕರಣಕ್ಕೆ ಹೊಸ ತಿರುವು: ಅಡುಗೆಯಾಕೆಯ ಅಸಲಿ ಮುಖ ಬಯಲು!" ಅದನ್ನು ನೋಡಿ ನನಗೆ ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಕೇಳಿದರೆ, ಅಸಲಿ ಮುಖ ಅಂದರೆ ಒಳ್ಳೆಯ ಮುಖ ಅಕ್ಕಾ, ಒಳಗೆ ಓದಿದರೆ ಗೊತ್ತಾಗುತ್ತದೆ ಅಂದೆ. ನಾನೇ ಒಂದು ಬರೆದು ಕಳಿಸಿದೆ: "ಅಕ್ಕಿಯಲ್ಲಿ ಸಿಕ್ಕ ಬೆಂಡೋಲೆ ಮಗುವಿಗೆ ಮರಳಿಸಿದ ಗಾದಿಲಿಂಗಮ್ಮ." ಅದಕ್ಕೆ ನೀನು, "ಅಕ್ಕಾ, ಎಲ್ಲಾ ಮ್ಯಾಲೇ ಹೇಳಿಬಿಟ್ರ ಒಳಗ ಯಾರು ಬರ್ತಾರ?" ಅಂದೆ. ಒಳಗೆ ಯಾರೂ ಬರದಿದ್ದರೆ ಬೇಡ ಬಿಡೋ! ಹೊರಗೆ ನಿಂತವರಾದರೂ ನಿಜ ತಿಳಿದುಕೊಂಡು ಹೋಗಲಿ. ನಿನ್ನ ಎರಡನೆಯ ತಲೆಬರಹದ ದಯೆಯಿಂದ ಸೋಮವಾರ ಮಂಡಲದ ಶಿಕ್ಷಣಾಧಿಕಾರಿ ವಿಚಾರಣೆಗೆ ಬಂದರು. ಅಕ್ಕಿ ನೋಡಿದರು, ಬೇಳೆ ನೋಡಿದರು, ಗಾದಿಲಿಂಗಮ್ಮನ ಉಗುರು ಕೂಡ ನೋಡಿದರು. ತಪ್ಪೇನೂ ಇಲ್ಲ ಎಂದು ಬರೆದುಕೊಂಡು ಹೋದರು. ಕೆಲಸ ಉಳಿಯಿತು. ಆದರೆ ಅರವತ್ತನಾಲ್ಕು ಮಕ್ಕಳ ಮುಂದೆ ಕೈ ಚಾಚಿ ಉಗುರು ತೋರಿಸಿದಳಲ್ಲ, ಅದನ್ನು ಯಾವ ಅಧಿಕಾರಿ ಬಂದು ಅಳಿಸುತ್ತಾನೆ?

ಅವತ್ತು ಅವರು ಹೋದ ಮೇಲೆ ಆಕೆ ನನ್ನ ಹತ್ತಿರ ಬಂದು, ಅದರಲ್ಲಿ ಏನು ಬರೆದಿದ್ದಾರೆ ಪೂರ್ತಿ ಓದಿ ಹೇಳ್ರಿ ಅಂದಳು. ಓದಿದೆ. ಕೆಳಗಿನ ಸುದ್ದಿ ನಿಜಕ್ಕೂ ಚೆನ್ನಾಗಿದೆ ವಾದೀ. ತಾಯಿಯಿಂದ ಮಾತು ತೆಗೆದುಕೊಂಡದ್ದನ್ನು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಬರೆದಿದ್ದೀ. ಕೇಳುತ್ತ ಕೇಳುತ್ತ ಆಕೆಯ ಕಣ್ಣು ತುಂಬಿತು. ಆಮೇಲೆ ಕೇಳಿದಳು: "ಕೆಳಗಿಂದು ಬರದವ್ರು ಬ್ಯಾರೆ, ಮ್ಯಾಲಿಂದು ಬರದವ್ರು ಬ್ಯಾರೆ, ಹೌದಲ್ರೀ?" ನಾನು ಹೌದು, ಬೇರೆ ಬೇರೆ ಅಂದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವ ಬಾಯಲ್ಲಿ ಹಾಗೆ ಹೇಳಿದೆ. ನನ್ನ ಈ ಸಿಟ್ಟಿನಲ್ಲಿ ಅರ್ಧ ನಿನ್ನ ಮೇಲಿನದು, ಉಳಿದರ್ಧ ನನ್ನ ಮೇಲಿನದೇ.

ಈಗ ಬಹುತೇಕ ಮಕ್ಕಳು ಪಂಕ್ತಿಗೆ ಮರಳಿದ್ದಾರೆ. ಒಂಬತ್ತು ಜನ ಬಂದಿಲ್ಲ. ಅವರಲ್ಲಿ ಅಮೂಲ್ಯಳೂ ಒಬ್ಬಳು. ನಿನ್ನಿಂದಲೇ ಆದದ್ದು ಎಂದು ಜೊತೆಯವರು ಚುಚ್ಚುತ್ತಾರೆ. ಊಟದ ಗಂಟೆ ಹೊಡೆದೊಡನೆ ಮನೆಗೆ ಓಡಿಹೋಗುತ್ತದೆ ಮಗು.

ಹೊತ್ತಿಗೆ ಸರಿಯಾಗಿ ಉಣ್ಣು, ಕಷಾಯ ಕುಡಿ. ಅಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ನನ್ನ ಬಗ್ಗೆ ದೂರನ್ನೂ ಸೇರಿಸಲು ಹೇಳಿದ್ದಾರೆ. ಎರಡೂ ಮುಟ್ಟಿತೆಂದುಕೋ. ರಾಯರು ನಿನಗೆ ಒಳ್ಳೆಯ ಬುದ್ಧಿ ಕೊಟ್ಟೇ ಇದ್ದಾರೆ, ಅದನ್ನು ಮೇಲಿನ ಸಾಲಿಗೂ ಸ್ವಲ್ಪ ಬಳಸು.

ನಿನ್ನ ಅಕ್ಕ,
ರಮಾಮಣಿ

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲು ಇಷ್ಟು. ಇವತ್ತು ಗಾದಿಲಿಂಗಮ್ಮಗೆ ಹೇಳಿಬಿಟ್ಟೆ. ಎರಡನ್ನೂ ಬರೆದವನು ಒಬ್ಬನೇ, ಅವನು ನನ್ನ ತಮ್ಮ ಎಂದು. ಆಕೆ ಸೌಟು ಕೆಳಗಿಟ್ಟಳು. ಆಮೇಲೆ, "ನಾ ಬೈಯಂಗಿಲ್ಲ ಬಿಡ್ರಿ. ಹುಡ್ರ ಮುಂದ ಬಂದು ನಿಂತು, ಮ್ಯಾಲಿಂದು ಸುಳ್ಳು ಅಂತ ಅವ್ರ ಬಾಯಿಲೇ ಹೇಳಿ ಹೋಗ್ಲಿ. ಆ ಹುಡುಗಿ ಉಣ್ಣಾಕ ಬರ್ಲಿ, ಅಷ್ಟು ಸಾಕು" ಅಂದಳು. ನೀನು ಬರುವ ಬುಧವಾರ ಬರುತ್ತೀ ಎಂದು ಮಾತು ಕೊಟ್ಟಿದ್ದೇನೆ. ಹನ್ನೆರಡರೊಳಗೆ ಬಾ.