ದ್ರೌಪದಿಗೆ ಸಿಗದ ಹಳೆಯ ಜೆಟ್

ಸೊಲ್ಲಾಪುರ,
೧೮ ಫೆಬ್ರವರಿ ೧೯೭೫

ಪೂಜ್ಯ ಭಾವನವರಿಗೆ,

ಗಿರಿಜೆಯ ನಮಸ್ಕಾರಗಳು. ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತೆಂದು ಹುಬ್ಬಳ್ಳಿಯಿಂದ ಬಂದ ನಮ್ಮ ಅಂಗಡಿಯ ಕಾಮಣ್ಣ ಹೇಳಿದ. ಪಟ್ಟಿ ಬಿಚ್ಚುವವರೆಗೆ ಬಗ್ಗಬಾರದಂತೆ, ಖಾರ ತಿನ್ನಬಾರದಂತೆ. ದಯವಿಟ್ಟು ಡಾಕ್ಟರ ಮಾತು ಕೇಳಿರಿ. ಬೀಗರ ಮನೆಯಲ್ಲೇ ಇದ್ದೀರಿ, ಅವರು ಖಾರದ ಶೇಂಗಾ ಹಿಂಡಿ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯಿರಿ. ಇಲ್ಲಿ ಎಲ್ಲರೂ ಕ್ಷೇಮ. ಬಿಸಿಲು ಬಲಿತ ಮೇಲೆ ಅತ್ತೆಯವರ ಮೊಣಕಾಲು ನೋವು ಕಡಿಮೆಯಾಗಿದೆ, ಗೋಡೆ ಹಿಡಿಯದೆ ಅಂಗಳದವರೆಗೆ ಬರುತ್ತಾರೆ. ತಮ್ಮನ ಹೆಂಡತಿ ಭಾವನಿಗೆ ಕಾಗದ ಬರೆಯುವ ರೂಢಿ ನಮ್ಮ ಮನೆಯಲ್ಲಿಲ್ಲ. ಈ ಮನೆಗೆ ಬಂದಾಗಿನಿಂದ ನಿಮ್ಮೆದುರು ತಲೆಯ ಮೇಲಿನ ಸೆರಗು ಜಾರಿಸಿಕೊಂಡವಳಲ್ಲ ನಾನು, ಎದುರು ನಿಂತು ಮಾತಾಡಿದವಳೂ ಅಲ್ಲ. ನಿಮ್ಮ ಕಣ್ಣಿಗೆ ಪಟ್ಟಿ ಇರುವುದರಿಂದ ಲೀಲಕ್ಕನೇ ಇದನ್ನು ಓದಿ ಹೇಳಬೇಕು. ಅಕ್ಕಾ, ಗಂಡನ ಮುಖ ನೋಡಿ ನಡುವೆ ಸಾಲು ನುಂಗಬೇಡ. ಹಾಗೇ ಓದು.

ಗಾಡಿಯ ಸುದ್ದಿ ಬರೆಯುತ್ತಿದ್ದೇನೆ. ಮಾವನವರು ಆ ಕರಿ ಲ್ಯಾಂಡ್‌ಮಾಸ್ಟರ್ ಕಾರನ್ನು ತಮ್ಮ ಕಡೆಗಾಲದಲ್ಲಿ ಕಿರಿಮಗನ, ಅಂದರೆ ನನ್ನ ಯಜಮಾನರ, ಹೆಸರಿಗೆ ಮಾಡಿಸಿದ್ದರು. ಆದರೆ ಕೀಲಿ ಮಾತ್ರ ಯಾವಾಗಲೂ ನಿಮ್ಮ ಕೋಟಿನ ಕಿಸೆಯಲ್ಲೇ ಇತ್ತು. ಅದಕ್ಕೆ ಯಾರೂ ಬೇಸರಪಟ್ಟಿರಲಿಲ್ಲ, ಹಿರಿಯರು ನೀವು. ಪೆಟ್ರೋಲ್ ದರ ಏರಿದ ವರ್ಷ ನೀವು ಯಾವುದೋ ಇಂಗ್ಲಿಷ್ ಮಾಸಿಕ ಓದಿಕೊಂಡು ಬಂದು, ಪರದೇಶದಲ್ಲಿ ಈಗ ಪೆಟ್ರೋಲ್ ಕಡಿಮೆ ಕುಡಿದು ಗಾಳಿ ಹೆಚ್ಚು ಕುಡಿಯುವ ಇಂಜಿನ್ ಮಾಡುತ್ತಿದ್ದಾರೆ, ನಮ್ಮ ಗಾಡಿಗೂ ಹಾಗೇ ಮಾಡಿಸೋಣ ಎಂದಿರಿ. ಪೆಟ್ರೋಲ್ ಬಿಡುವ ಹಿತ್ತಾಳೆಯ ಜೆಟ್ ತೆಗೆಸಿ ಸಣ್ಣ ತೂತಿನದನ್ನು ಹಾಕಿಸಿದಿರಿ. ಪೆಟ್ರೋಲ್ ಉಳಿದದ್ದು ಸುಳ್ಳಲ್ಲ. ಅಂಗಡಿಗೆ ಚಾದರ ಕೊಳ್ಳಲು ಬಂದವರಿಗೆಲ್ಲ ಚಾದರಕ್ಕಿಂತ ಮೊದಲು ನಿಮ್ಮ ಇಂಜಿನ್ ತೋರಿಸುತ್ತಿದ್ದಿರಿ. ಆದರೆ ಆ ಗಾಡಿಯೊಂದಿಗೆ ಬಾಳುವೆ ಮಾಡಿದವರು ನಾವು. ಚಳಿಗಾಲದ ಬೆಳಿಗ್ಗೆ ಅದು ಏಳುತ್ತಲೇ ಇರಲಿಲ್ಲ. ಚೋಕ್ ಎಳೆದು ಹಿಡಿದು ಕುಳಿತರೆ ಅತ್ತೆಯವರ ಲಿಂಗಪೂಜೆ ಮುಗಿಯುವ ಹೊತ್ತಿಗೆ ಒಮ್ಮೆ ಕೆಮ್ಮಿ ಎದ್ದೇಳುತ್ತಿತ್ತು. ತುಸು ಜೋರಾಗಿ ತುಳಿದರೆ ಬಾನೆಟ್ಟಿನೊಳಗೆ ಪಟಾಕಿ ಹಾರಿದಂತೆ ಸಪ್ಪಳ. ಏರು ಬಂದರೆ ಮೈ ಕಾದು ಸುಸ್ತಾಗಿ ನಿಲ್ಲುತ್ತಿತ್ತು. ಆಗ ರಸ್ತೆಬದಿಯಲ್ಲಿ ಕೂತು ಅದರ ಸಿಟ್ಟು ಇಳಿಯುವವರೆಗೆ ಕಾಯಬೇಕು. ಗೊಣಗುತ್ತಲೇ ಅದಕ್ಕೆ ಹೊಂದಿಕೊಂಡಿದ್ದೆವು. ಮಂದ್ರೂಪಕ್ಕೆ ಮದುವೆಗೆ ಹೊರಟರೆ ಊಟಕ್ಕೆ ಮುಟ್ಟಿದರೆ ಸಾಕು ಎಂದು ನಗುತ್ತಿದ್ದೆವು.

ಹೋದ ದೀಪಾವಳಿಯ ಬೆನ್ನಲ್ಲೇ ತಡವಳದಿಂದ ಸುದ್ದಿ ಬಂತು, ನನ್ನ ತಂಗಿ ದ್ರೌಪದಿಗೆ ಬೇನೆ ಶುರುವಾಗಿದೆ, ಸೂಲಗಿತ್ತಿಗೆ ಯಾಕೋ ಭಯವಾಗಿದೆ ಎಂದು. ಅವಳ ಗಂಡ ಬಂಡೆಪ್ಪ ಕಳಿಸಿದ ಆಳು ಅಂಗಳದಲ್ಲಿ ನಿಂತೇ ಇದ್ದ. ನನ್ನ ಯಜಮಾನರು ನಿಮ್ಮ ಮುಂದೆ ಕೈಕಟ್ಟಿ ನಿಂತು ಕೇಳಿದ್ದು ಇಷ್ಟೇ. ಗ್ಯಾರೇಜು ದಾರಿಯಲ್ಲೇ ಇದೆ, ಹಳೆಯ ಜೆಟ್ ಹಾಕಿಸಿಕೊಂಡು ಹೋಗುತ್ತೇನೆ, ಬಂದ ಮೇಲೆ ಮತ್ತೆ ನಿಮ್ಮದನ್ನೇ ಹಾಕಿಸುತ್ತೇನೆ. ನೀವು ಹೇಳಿದ್ದು ಬಾಗಿಲ ಹಿಂದೆ ನಿಂತಿದ್ದ ನನಗೂ ಕೇಳಿಸಿತು. “ನಿನ್ನ ಹೆಂಡ್ತಿ ತವರಮನಿ ಟಾಂಗಾ ಅಲ್ಲದು. ಇದ್ದಂಗ ಒಯ್ತಿದ್ರ ಒಯ್ಯಿ, ಇಲ್ಲಂದ್ರ ಬಸ್ಸಿಗಿ ಹೋಗ್ರಿ.” ನಾವು ಇದ್ದಂತೆಯೇ ಒಯ್ದೆವು.

ಹೋಗುವಾಗ ಗಾಡಿ ಹೇಗೋ ಮುಟ್ಟಿತು. ತಿರುಗಿ ಬರುವಾಗ ದ್ರೌಪದಿಯನ್ನು ಕರೆದುಕೊಂಡು ದಾರಿಯ ಅಕ್ಕಲಕೋಟದಲ್ಲಿ ತೋರಿಸಿದೆವು. ಅಲ್ಲಿಯ ಡಾಕ್ಟರು ಮುಟ್ಟಿ ನೋಡಿ, “ಕೂಸು ಅಡ್ಡ ಬಿದ್ದದ್ರಿ. ಇಲ್ಲಿ ಆಗೂದಿಲ್ಲ, ತಡ ಮಾಡಬ್ಯಾಡ್ರಿ, ಸೊಲ್ಲಾಪುರಕ್ಕ ಒಯ್ರಿ” ಅಂದರು. ಹಿಂದಿನ ಸೀಟಿನಲ್ಲಿ ದ್ರೌಪದಿಯ ತಲೆ ನನ್ನ ತೊಡೆಯ ಮೇಲಿತ್ತು. ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು, ಒಂದು ಏರಿನಲ್ಲಿ ಗಾಡಿ ಎರಡು ಸಲ ಸೀನಿತು, ಒಳಗೆ ಏನೋ ಸುಟ್ಟ ವಾಸನೆ ಬಂತು, ನಿಂತುಬಿಟ್ಟಿತು. ಯಜಮಾನರು ಬಾನೆಟ್ ಎತ್ತಿ ಕೈ ಸುಟ್ಟುಕೊಂಡರು. ಬಂಡೆಪ್ಪ ಒಬ್ಬನೇ ತಳ್ಳಿದ. ಎರಡೂ ಕಡೆ ಜೋಳದ ಹೊಲ, ಒಂದು ಮನೆಯಿಲ್ಲ. ದ್ರೌಪದಿ ಚೀರಲಿಲ್ಲ. “ಅಕ್ಕಾ, ಗಾಡಿ ಯಾಕ ನಿಂತದ” ಎಂದು ಮತ್ತೆ ಮತ್ತೆ ಕೇಳಿದಳು. ನಾನು ಪ್ರತಿ ಸಲ “ಈಗ ಹೊರಡ್ತದ ತಂಗಿ” ಅಂದೆ. ಕಡೆಗೆ ಕಬ್ಬಿನ ಲಾರಿಯೊಂದು ನಿಂತು, ಡ್ರೈವರ್ ತನ್ನ ಪಕ್ಕದ ಜಾಗದಲ್ಲಿ ಹಾಸಿಗೆ ಹಾಸಿಕೊಟ್ಟ. ಸೊಲ್ಲಾಪುರದ ಆಸ್ಪತ್ರೆ ಮುಟ್ಟುವುದರೊಳಗೆ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಗಂಡುಮಗು. ತಾಯಿಯನ್ನು ಉಳಿಸಲು ಗರ್ಭಕೋಶ ತೆಗೆಯಬೇಕಾಯಿತು. ಇನ್ನೊಂದಿಷ್ಟು ಬೇಗ ಬಂದಿದ್ದರೆ ಎಂದಷ್ಟೇ ಹೇಳಿ ಡಾಕ್ಟರಬಾಯಿ ಕೈ ತೊಳೆಯಲು ಹೋದರು. ದ್ರೌಪದಿಗೆ ಇಪ್ಪತ್ತೆರಡು ವರ್ಷ, ಭಾವನವರೇ.

ಇಷ್ಟಾದರೂ ನಾನು ಹಣೆಬರಹ ಎಂದು ಸುಮ್ಮನಿರುತ್ತಿದ್ದೆನೋ ಏನೋ. ನೀವು ಆಸ್ಪತ್ರೆಗೆ ಬಂದಿರಿ. ಬಾಗಿಲಲ್ಲಿ ನಿಂತು, ಒಳಗೆ ಮಲಗಿದ್ದವಳಿಗೂ ಕೇಳುವಂತೆ ತಮ್ಮನನ್ನು ಕೇಳಿದಿರಿ, “ವಾಲ್ವ್ ಸುಟ್ಟಾವೇನು? ಎಷ್ಟ್ ಜೋರ್ ಹೊಡದಿದ್ದಿ?” ಅಂದಿನಿಂದ ಪೇಟೆಯಲ್ಲೆಲ್ಲ ನೀವು ಆಡಿದ್ದು ಅದೇ ಮಾತು. ತಮ್ಮ ಸಾತಲಿಂಗಪ್ಪನಿಗೆ ಗಾಡಿ ಹೊಡೆಯಲು ಬರುವುದಿಲ್ಲ, ಮೆಲ್ಲಗೆ ಹೊಡೆದಿದ್ದರೆ ಇಂಜಿನ್ ಕೆಡುತ್ತಿರಲಿಲ್ಲ, ಕೂಸೂ ಉಳಿಯುತ್ತಿತ್ತು. ನನ್ನ ಯಜಮಾನರು ಅದನ್ನು ನಂಬಿಬಿಟ್ಟರು. ಬಂಡೆಪ್ಪನ ಮುಖ ನೋಡಲಾರದೆ ತಡವಳಕ್ಕೆ ಹೋಗುವುದನ್ನೇ ಬಿಟ್ಟರು. ಊಟಕ್ಕೆ ಕೂತವರು ತಟ್ಟೆಯ ಮುಂದೆಯೇ ಮಂಕಾಗಿ ಕೂತಿರುತ್ತಿದ್ದರು. ಗಾಡಿಯ ಇಂಜಿನ್ನಿಗೆ ಹೊಸ ವಾಲ್ವ್ ಬಂತು, ನಿಮ್ಮ ಸಣ್ಣ ಜೆಟ್ ಮಾತ್ರ ಹಾಗೇ ಉಳಿಯಿತು. ಆಗಿನಿಂದ ನಿಮ್ಮ ಪಾಲಿನ ಸಾರಿಗೆ ನೀರು ಹೆಚ್ಚಾಯಿತು, ರೊಟ್ಟಿಯ ಮೇಲಿನ ಬೆಣ್ಣೆ ಕಡಿಮೆಯಾಯಿತು. ಬೇಳೆ ಸರಿಯಿಲ್ಲವೆಂದು ನೀವು ಲೀಲಕ್ಕನ ಮೇಲೆ ಹರಿಹಾಯ್ದಿರಿ. ಬೇಳೆ ಸರಿಯಾಗಿತ್ತು. ಮಾಡಿದವಳು ನಾನು. ಅದು ಸಣ್ಣತನವೆಂದು ಗೊತ್ತು, ಆದರೆ ಆ ದಿನಗಳಲ್ಲಿ ನನ್ನ ಕೈಗೆ ಎಟುಕುತ್ತಿದ್ದುದು ಅಷ್ಟೇ.

ಹೋದ ಸೋಮವಾರ ಕಾಮಣ್ಣ ನಿಮ್ಮನ್ನು ನೋಡಿಕೊಂಡು ಬಂದು ಮನೆಯ ಪಡಸಾಲೆಯಲ್ಲಿ ಕೂತು ಎಲ್ಲ ಹೇಳಿದ. ಮಗಳು ಕಸ್ತೂರಿಯನ್ನು ಬಾಣಂತನಕ್ಕೆ ಜೊತೆಯಲ್ಲೇ ಕರೆದುಕೊಂಡು ಬರುತ್ತೀರಂತೆ, ಗಾಡಿ ಸ್ಟೇಷನ್ನಿಗೆ ಬರಬೇಕಂತೆ, ಅದಕ್ಕೆ ಕೀಲಿಯನ್ನೂ ಅವನ ಕೈಯಲ್ಲೇ ಕಳಿಸಿದ್ದಿರಿ. ಆಮೇಲೆ ಅವನು ನಿಮ್ಮ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ. “ಕಸ್ತೂರಕ್ಕ ಬರೂದ್ರಾಗ ಹಳೇ ಜೆಟ್ ಹಾಕ್ಸಿಡ್ರಿ ಅಂದಾರ. ಬಸುರಿ ಹೆಣ್ಮಗಳು, ಆ ಸಣ್ಣ ಜೆಟ್ಟಿನ ಮ್ಯಾಲ ಭರವಸಾ ಇಲ್ಲ, ನಡು ದಾರ್ಯಾಗ ನಿಂತ್ರ ಏನ್ ಗತಿ ಅಂದಾರ.” ಒಲೆಯ ಮುಂದಿದ್ದ ನಾನು ಎದ್ದು ಬಂದೆ. ಯಜಮಾನರು “ಅಣ್ಣಗ ಗೊತ್ತಿತ್ತು” ಎಂದರು, ಅಷ್ಟೇ.

ನಿಮ್ಮೆದುರು ಇಂದಿಗೂ ಚಪ್ಪಲಿ ಮೆಟ್ಟಿ ನಿಲ್ಲದ ನಿಮ್ಮ ತಮ್ಮ ಮರುದಿನ ಏನು ಮಾಡಿದರೆಂದು ಕೇಳಿರಿ. ಸಂಜೆ ಅಂಗಡಿಯಲ್ಲಿ ಪೇಟೆಯ ಹಿರಿಯರೆಲ್ಲ ಚಹಾಕ್ಕೆ ಕೂಡಿದ್ದಾಗ ಕಾಮಣ್ಣನನ್ನು ಗಾದಿಯ ಹತ್ತಿರ ಕರೆದರಂತೆ. “ಅಣ್ಣಾವ್ರು ಗಾಡಿ ಬಗ್ಗಿ ಏನ್ ಹೇಳಿ ಕಳಿಸ್ಯಾರ, ಇನ್ನೊಮ್ಮಿ ಹೇಳು. ಎಲ್ಲಾರಿಗೂ ಕೇಳಂಗ ಹೇಳು.” ಪಾಪದ ಕಾಮಣ್ಣ ಹೇಳಿದ. ಯಾರೂ ಚಹಾದ ಕಪ್ಪು ಎತ್ತಲಿಲ್ಲವಂತೆ. ನವೆಂಬರಿನಿಂದ ನಿಮ್ಮ ಬಾಯಿಂದ ತಮ್ಮನ ತಪ್ಪಿನ ಕಥೆ ಕೇಳಿದವರೇ ಅವರೆಲ್ಲ. ನೀವು ಬಂದು ಗಾದಿಯ ಮೇಲೆ ಕೂತಾಗ ಅವರು ಎಂದಿನಂತೆ ನಮಸ್ಕಾರ ಮಾಡುತ್ತಾರೆ. ಮಾಡುವಾಗ ಏನು ನೆನೆಯುತ್ತಾರೆಂಬುದು ನಿಮಗೂ ಗೊತ್ತಿರುತ್ತದೆ.

ಇನ್ನು ಗಾಡಿ. ನೀವು ಹೇಳಿದಂತೆ ಹಳೆಯ ಜೆಟ್ ಹಾಕಿಸಿದೆವು. ನಿನ್ನೆ ಯಜಮಾನರು ಅದನ್ನು ತಡವಳಕ್ಕೆ ಹೊಡೆದುಕೊಂಡು ಹೋದರು, ನಾನು ಪಕ್ಕದಲ್ಲಿ ಕೂತಿದ್ದೆ. ಆ ಏರನ್ನು ಗಾಡಿ ಒಂದೇ ಉಸಿರಿಗೆ ಹತ್ತಿತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಗಾಡಿಯನ್ನು ಬಂಡೆಪ್ಪನ ಹೆಸರಿಗೆ ಬರೆದುಕೊಟ್ಟಿದ್ದೇವೆ. ಆ ಸುತ್ತಿನ ಯಾವ ಊರಿನ ಹೆಂಗಸಿಗೆ ಬೇನೆ ಬಂದರೂ ಅದು ಹೊರಡಬೇಕು, ಅದೊಂದೇ ಮಾತು. ದ್ರೌಪದಿ ಹೊಸಿಲು ದಾಟಿ ಹೊರಗೆ ಬರಲಿಲ್ಲ, ಗಾಡಿಯ ಸಪ್ಪಳ ಕೇಳಿ ಬಾಗಿಲು ಹಾಕಿಕೊಂಡಳು. ಅವಳಿಗೆ ನಾನು ಏನನ್ನೂ ಮರಳಿ ಕೊಟ್ಟಿಲ್ಲ, ನನಗೆ ಗೊತ್ತು. ನಿಮ್ಮಿಂದ ಕಿತ್ತುಕೊಂಡಿದ್ದೇನೆ. ಸದ್ಯಕ್ಕೆ ಅಷ್ಟರಲ್ಲೇ ನನಗೆ ಸಮಾಧಾನವಿದೆ. ನೀವು ಸ್ಟೇಷನ್ನಿನಿಂದ ಟಾಂಗಾದಲ್ಲಿ ಬನ್ನಿ.

ಕಣ್ಣು ಜೋಪಾನ. ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಅವರಿಗೆ ಇದೆಲ್ಲ ಗೊತ್ತು. ಲೀಲಕ್ಕನಿಗೆ ನನ್ನ ನಮಸ್ಕಾರ, ಕಸ್ತೂರಿಗೆ ತಲೆ ನೇವರಿಸಿ ಆಶೀರ್ವಾದ.

ಇಂತಿ,
ನಿಮ್ಮ ತಮ್ಮನ ಹೆಂಡತಿ
ಗಿರಿಜಾಬಾಯಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಇದನ್ನೆಲ್ಲ ಇನ್ನೊಂದು ಕಾಗದದಲ್ಲಿ ಬರೆದು ಕಸ್ತೂರಿಯ ಅತ್ತೆಯವರಿಗೆ ನಿನ್ನೆಯೇ ಹಾಕಿದ್ದೇನೆ. ಹುಡುಗಿಯನ್ನು ಭಾವನವರ ಮಾತಿನ ಮೇಲೆ ಕಳಿಸಬೇಡಿ, ನನ್ನ ಮಾತಿನ ಮೇಲೆ ಕಳಿಸಿ ಎಂದು ಕೇಳಿಕೊಂಡಿದ್ದೇನೆ. ಅವರು ಒಪ್ಪಿದರೆ ಕರೆತರಲು ನಾನೇ ಬರುತ್ತೇನೆ. ತೊಟ್ಟಿಲು ನಮ್ಮ ಕೋಣೆಯಲ್ಲಿ ಕಟ್ಟಿಸಿದ್ದೇನೆ. ಮೊಮ್ಮಗುವನ್ನು ನೋಡಬೇಕೆಂದರೆ ನೀವು ನನ್ನ ಬಾಗಿಲಲ್ಲಿ ನಿಂತು ಕೇಳಬೇಕು.