ದೇವರ ಮುಂದಿನ ಕಾರಿನ ಕೀ

ಭಾನುವಾರ, 9 ನವೆಂಬರ್ 2025

ಕಾರಿನ ಕೀ ಇನ್ನೂ ದೇವರ ಮುಂದೆಯೇ ಇದೆ. ಆಯುಧಪೂಜೆಗೆಂದು ಇಟ್ಟ ನನ್ನವಳು ಅಂಜನಮ್ಮ ಮತ್ತೆ ಕೊಟ್ಟಿಲ್ಲ. ಹಬ್ಬದ ಹಿಂದಿನ ವಾರ ಹೆಬ್ಬಾಳದಲ್ಲಿ ಬೈಕಿನವನೊಬ್ಬ ಅಡ್ಡ ಬಂದದ್ದು ನನಗೆ ಕಾಣಲಿಲ್ಲ; ಅವಳು ಕಿರುಚಿದ್ದರಿಂದ ಅವನು ಉಳಿದ.

“ನಾಟಕದಲ್ಲಿ ರಾಜಪಾರ್ಟು ಹಾಕಿ ಗದೆ ಬೀಸಿದವನು ಕಣೇ ನಾನು! ಬಸ್ಸಿಗೆ ಕೈ ಅಡ್ಡ ಹಾಕಲೇ?” ಎಂದು ಕೀ ಕೇಳುತ್ತಾ ಗುಡುಗಿದೆ.

“ಗದೆ ಬೀಸ್ಕೊಳ್ರೀ, ಯಾರ್ ಬೇಡ ಅಂದ್ರು? ಸ್ಟೇರಿಂಗ್ ಬಿಡಿ.”

ಇಂದು ಯಲಹಂಕಕ್ಕೆ ಬಸ್ಸಿನಲ್ಲೇ ಹೋದೆವು. ದಾರಿಯುದ್ದಕ್ಕೂ ಅವಳದೇ ಮಾತು, ನಗು. ಕಾರು ಓಡಿಸುತ್ತಾ ನಾನು ನಾಟಕದ ಡೈಲಾಗು ಹೊಡೆಯುತ್ತಿದ್ದರೆ ಉಸಿರೆತ್ತದೆ ಕೂತಿರುತ್ತಿದ್ದಳು. ತಲ್ಲೀನಳಾಗಿದ್ದಾಳೆಂದು ನಾನು ಇನ್ನೂ ಜೋರು ಮಾಡುತ್ತಿದ್ದೆ. ಹೆದರಿ ಕೂತಿದ್ದಳು, ಪಾಪ.

ಕೀ ಅಲ್ಲೇ ಇರಲಿ. ನಾಳೆ ಬಸ್ಸಿನಲ್ಲಿ ಮೆಲ್ಲಗೆ ಒಂದು ಡೈಲಾಗು ಹೇಳಿ ನೋಡಬೇಕು, ಅವಳಿಗೆ ನಿಜಕ್ಕೂ ಇಷ್ಟವೋ…