ತಗಡಿನ ಕೆಳಗಿನ ರೇಡಿಯೊ

ಮಾರ್ಚ್ 11, ಮಂಗಳವಾರ

ಚಂದಾ ಕಟ್ಟಿ ಇಷ್ಟು ದಿನವಾದರೂ ನನ್ನ ಲಾರಿಯ ಉಪಗ್ರಹ ರೇಡಿಯೊ ಬಾಯಿ ಬಿಟ್ಟಿರಲಿಲ್ಲ. ಉದ್ದದ ದಾರಿಯಲ್ಲಿ ಊರಿನ ಸ್ಟೇಷನ್ನುಗಳು ಅರ್ಧಕ್ಕೇ ಕೈಕೊಡುತ್ತವೆ. ಒಬ್ಬಳೇ ಓಡಿಸುವಾಗ ಕಿವಿಗೊಂದು ದನಿ ಬೇಕು, ಇಲ್ಲದಿದ್ದರೆ ಕಣ್ಣು ಎಳೆಯುತ್ತದೆ. ನನ್ನ ಗಂಡನಿಗೆ ಅದೇ ನೆಪ. "ಆ ದಾರಿ ಬಿಟ್ಬಿಡು, ಊರೊಳಗೆ ಓಡಿಸಿದ್ರೆ ಸಾಕು" ಅಂತ ಒಂದೇ ರಾಗ.

ಇವತ್ತು ಮತ್ತೆ ರೇಡಿಯೊ ಕಂಪನಿಗೆ ಫೋನ್ ಮಾಡಿ ರೇಗಿದೆ. ಆ ಕಡೆಯ ಹುಡುಗಿ ತಣ್ಣಗೆ ಕೇಳಿದಳು, "ಅಕ್ಕಾ, ಲಾರಿ ಎಲ್ಲಿ ನಿಂತಿದೆ?"

"ಚಂದಾ ಕಟ್ಟಿದಾಗಿಂದ ಶೆಡ್ಡಲ್ಲೇ."

"ಮೇಲೇನಿದೆ?"

"ತಗಡು."

"ಅದಕ್ಕೇ ಅಕ್ಕಾ. ಬಯಲಿಗೆ ತನ್ನಿ, ರೇಡಿಯೊ ಆನ್ ಮಾಡ್ಕೊಂಡು ಕೂತ್ಕೊಳ್ಳಿ."

ಉಪಗ್ರಹ ಎಲ್ಲ ಹಾಡುಗಳಿಗೂ ಬೀಗ ಹಾಕಿ ಊರಿಗೆಲ್ಲ ಒಟ್ಟಿಗೇ ಸುರಿಯುತ್ತದಂತೆ. ಚಂದಾ ಕಟ್ಟಿದವರ ರೇಡಿಯೊ ನಂಬರ್ ಕೂಗಿ, ಬೀಗ ತೆಗೆ ಅನ್ನುತ್ತದಂತೆ. ರೇಡಿಯೊ ತಿರುಗಿ ಮಾತಾಡುವುದಿಲ್ಲವಾದ್ದರಿಂದ, ಕೇಳಿಸಿತೋ ಇಲ್ಲವೋ ಉಪಗ್ರಹಕ್ಕೆ ತಿಳಿಯದು. ಹಾಗಾಗಿ ಮತ್ತೆ ಮತ್ತೆ ಕೂಗುತ್ತದೆ. ತಗಡಿನ ಕೆಳಗಿದ್ದರೆ ಆ ಕೂಗು ಮುಟ್ಟುವುದಿಲ್ಲ.

ಮೈದುನನ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು, ಬೈದು ತೆಗೆಸಿದೆ. ಬಯಲಲ್ಲಿ ಕೂತ ಸ್ವಲ್ಪ ಹೊತ್ತಿಗೆ ಯಾರೋ ಹವಾಮಾನ ವರದಿ ಓದತೊಡಗಿದರು. ಹವಾಮಾನ ಕೇಳಿ ಅಷ್ಟೊಂದು ಹಿಗ್ಗಿದವಳು ನಾನೊಬ್ಬಳೇ ಇರಬೇಕು.

ಉದ್ದದ ದಾರಿ ಬಿಡುವುದಿಲ್ಲ ಎಂದು ಇವರಿಗೆ ಈಗಷ್ಟೇ ಹೇಳಿದೆ. ಮುಸುಕು ಹೊದ್ದು ಮಲಗಿದ್ದರು. ಹೂಂ ಇಲ್ಲ, ಉಹೂಂ ಇಲ್ಲ. ಇರಲಿ. ಬೆಳಿಗ್ಗೆ ಮುಸುಕು ತೆಗೆದಾಗ ಇನ್ನೊಮ್ಮೆ ಹೇಳುತ್ತೇನೆ. ಆಗಲೂ ಕೇಳಿಸದಿದ್ದರೆ, ಲಾರಿ ಸ್ಟಾರ್ಟ್ ಆದ ಸದ್ದಂತೂ ಕೇಳಿಸುತ್ತದೆ.